ಎಂಟೂವರೆಯದರಲ್ಲಿ ಒಂದು ಎಮ್ಮೆ

ಸೆಪ್ಟೆಂಬರ್ 14, ಭಾನುವಾರ. ಮುಂಜಾನೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕೂತೆ. ಹುಬ್ಬಳ್ಳಿಯ ನನ್ನ ಬಾಡಿಗೆ ಕೋಣೆಯಲ್ಲಿ ಫ್ಯಾನು ಮೂರನೇ ನಂಬರಿನಲ್ಲಿ ತಿರುಗುತ್ತಿದೆ. ಕೆಳಗಿನ ಇಸ್ತ್ರಿ ಅಂಗಡಿಯಲ್ಲಿ ಆಗಲೇ ನಾಲ್ಕನೆಯ ಹಾಡು. ನಾನು ಕೂತದ್ದು ಈ ವರ್ಷದ ಡೈರಿಯ ತಿಂಗಳ ಮೊತ್ತಗಳನ್ನು ಕೂಡಿಸಲು. ಪುಟ ತಿರುವುತ್ತ ಹೋದಾಗ ಆಗಸ್ಟ್ ಮೂರರ ಪುಟದಲ್ಲಿ ಕಪ್ಪಗೆ, ದುಂಡಗೆ ಒಂದು ಹೆಬ್ಬೆರಳಿನ ಗುರುತು ಸಿಕ್ಕಿತು. ಎರೆಮಣ್ಣಿನದು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ಎರಡೇ ಶಬ್ದ: ‘ಎಮ್ಮೆ ಇದೆ.’ ಅಲ್ಲಿಗೆ ಕೂಡಿಸುವುದು ನಿಂತಿತು.

ಮೊದಲು ನನ್ನ ಬಗ್ಗೆ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಮೋಸವಾಯಿತು ಎನ್ನಬಾರದು. ನನ್ನ ಹೆಸರು ಸವಿತಾ. ಊರು ಶಲವಡಿ. ಕೆಲಸ ಹುಬ್ಬಳ್ಳಿಯ ಒಂದು ಕನ್ನಡಕದ ಅಂಗಡಿಯಲ್ಲಿ. ಚಟ, ಎಣಿಸುವುದು. ಶುಕ್ರವಾರ ಹೊಸ ಸಿನಿಮಾ ಬಂದರೆ ಸೋಮವಾರದೊಳಗೆ ಎಷ್ಟು ಜನ ಬಂದು ‘ಹೀರೋ ಹಾಕ್ಯಾನಲ್ರಿ, ಅಂಥಾದು ಐತೇನ್ರಿ?’ ಎಂದು ಕೇಳುತ್ತಾರೆ ಎಂಬುದರ ಲೆಕ್ಕ ನನ್ನ ಬಳಿ ಇದೆ. ದಾಖಲೆ ಏಳು. ಆ ಏಳರಲ್ಲಿ ಆರು ಜನರಿಗೆ ಕಣ್ಣು ಸರಿಯಾಗಿಯೇ ಇತ್ತು. ಏಳನೆಯವರು ನಿವೃತ್ತ ಹೆಡ್‌ಮಾಸ್ತರು, ಅವರಿಗೆ ಎರಡೂ ಕಣ್ಣಿನಲ್ಲಿ ಪೊರೆ. ಆದರೂ ಹೀರೋನ ಕನ್ನಡಕವೇ ಬೇಕಿತ್ತು.

ಆಟೋಗಳ ಬೆನ್ನ ಮೇಲೆ ದೇವರೆಷ್ಟು, ನಟರೆಷ್ಟು ಎಂದೂ ಎಣಿಸಿದ್ದೇನೆ. ಫಲಿತಾಂಶ ಹೇಳಿದರೆ ಎರಡೂ ಕಡೆಯವರು ಜಗಳಕ್ಕೆ ಬರುತ್ತಾರೆ, ಬೇಡ. ಊರಿಗೆ ಹೋಗುವ ಒಂದು ಬಸ್ಸಿನ ಡ್ರೈವರ್ ಅಣ್ಣಿಗೇರಿ ಮುಟ್ಟುವುದರೊಳಗೆ ಪ್ರೀತಿಯಲ್ಲಿ ಮೋಸಹೋದ ಹಾಡುಗಳನ್ನು ಹನ್ನೊಂದು ಹಾಕುತ್ತಾನೆ. ಮನುಷ್ಯ ಮಾತ್ರ ಅಗದಿ ಖುಷಿಯಾಗಿರುತ್ತಾನೆ, ಎದುರಿನ ಬಸ್ಸಿನವರಿಗೆಲ್ಲ ಕೈ ಬೀಸುತ್ತಾನೆ. ಅಳುವುದು ನಾವು, ಹಿಂದಿನ ಸೀಟಿನವರು.

ಈ ಚಟ ಹುಟ್ಟಿದ್ದು ನಮ್ಮ ಮನೆಯ ಮಾಳಿಗೆಯ ಮೇಲೆ. ನಾನು ಸಣ್ಣವಳಿದ್ದಾಗ ಭಾನುವಾರದ ಸಿನಿಮಾಕ್ಕೆ ಆಂಟೆನಾ ತಿರುಗಿಸುವ ಕೆಲಸ ನನ್ನದು. ಕೆಳಗಿನಿಂದ ಚಿಗವ್ವ ಕೂಗುತ್ತಿದ್ದಳು: ‘ಬಂತು, ಬಂತು, ಹಂಗ ಹಿಡಿ! ಹೋತ್ ಲೇ, ಹೋತು!’ ಆಂಟೆನಾದ ಕೋಲು ಹಿಡಿದು ನಿಂತವಳಿಗೆ ಸಿನಿಮಾ ಕಾಣುವುದಿಲ್ಲ. ಹಾಗಾಗಿ ಚಿತ್ರ ಎಷ್ಟು ಸಲ ಬಂತು, ಎಷ್ಟು ಸಲ ಹೋಯಿತು ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತಿದ್ದೆ. ಸಿನಿಮಾ ಮುಗಿದ ಮೇಲೆ ಚಿಗವ್ವ ಮೇಲೆ ಬಂದು, ನಾನು ನೋಡದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ದೊಡ್ಡವಳಾದ ಮೇಲೆ ಆ ಸಿನಿಮಾಗಳಲ್ಲಿ ಕೆಲವನ್ನು ಫೋನಿನಲ್ಲಿ ನೋಡಿದೆ. ಒಂದೂ ಅವಳು ಹೇಳಿದಷ್ಟು ಚೆನ್ನಾಗಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ, ಗಿರಿಜವ್ವ. ಹೊಲದ ಕಳೆ, ನಮ್ಮ ಮಾತಿನಲ್ಲಿ ಕಸ, ತೆಗೆಯುವ ಹೆಂಗಸರ ಗುಂಪಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಗುಂಪಿನಲ್ಲಿ ಒಂಬತ್ತು ಜನ, ಅವರ ಮುಂದಾಳು ನೀಲವ್ವ. ಉಳ್ಳಾಗಡ್ಡಿ ಹೊಲದಲ್ಲಿ ಒಬ್ಬೊಬ್ಬರು ಎರಡೆರಡು ಸಾಲು ಹಿಡಿದು, ಕುಕ್ಕರಗಾಲಿನಲ್ಲಿ ಕೂತು, ಕುರಪಿಯಿಂದ ಕಸ ಕೀಳುತ್ತ ಮುಂದೆ ಸರಿಯುತ್ತಾರೆ. ಈ ಬದುವಿನಿಂದ ಆ ಬದುವಿಗೆ ಮುಟ್ಟಿದರೆ ಒಂದು ಸುತ್ತು.

ಈ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಕಥೆ ಹೇಳುವವಳು ನಡುವಿನ ಸಾಲು ಹಿಡಿಯಬೇಕು. ಹೇಳುತ್ತ ಹೇಳುತ್ತ ಅವಳು ಹಿಂದೆ ಬಿದ್ದರೆ ಎಡಬಲದವರು ಕೈ ಚಾಚಿ ಅವಳ ಸಾಲಿನ ಕಸವನ್ನೂ ಕಿತ್ತು ಮುಂದೆ ಹೋಗಬೇಕು. ಹಾಗಾಗಿ ಒಂಬತ್ತೂ ಜನ ಒಟ್ಟಿಗೇ ಬದುವಿಗೆ ಮುಟ್ಟುತ್ತಾರೆ. ಮೂರು ವರ್ಷದಿಂದ ಚಿಗವ್ವನ ಬಲಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಅಷ್ಟೇ ಕಾಲದಿಂದ ನಡುವಿನ ಸಾಲು ಅವಳದೇ. ಈ ಎರಡು ಸಂಗತಿಗಳನ್ನು ನಾನು ಬೇರೆ ಬೇರೆ ಪುಟದಲ್ಲಿ ಬರೆದಿಟ್ಟಿದ್ದೆ. ಕೂಡಿಸಿ ನೋಡಿರಲಿಲ್ಲ.

ಕಥೆ ಯಾವುದು ಎಂದರೆ ಎಂಟೂವರೆಯದು. ನಮ್ಮ ಕಡೆ ಧಾರಾವಾಹಿಗಳಿಗೆ ಹೆಸರಿಲ್ಲ, ಹೊತ್ತು ಮಾತ್ರ ಇದೆ. ‘ಏಳರದು ಅಷ್ಟ ಚಂದಿಲ್ಲ’, ‘ಒಂಬತ್ತರದ್ರಾಗ ಅತ್ತಿ ಸತ್ಲಂತ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಟಿವಿ ಎಲ್ಲರ ಮನೆಯಲ್ಲೂ ಇದೆ. ಆದರೆ ಎಂಟೂವರೆಗೆ ಅವರೆಲ್ಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಾರೆ, ರಿಮೋಟು ಗಂಡಸರ ಕೈಯಲ್ಲಿ ಸುದ್ದಿಗೋ ಕ್ರಿಕೆಟ್ಟಿಗೋ ಹೋಗಿರುತ್ತದೆ. ರಿಮೋಟು ತನ್ನ ಕೈಯಲ್ಲೇ ಇರುವವಳು ಗುಂಪಿನಲ್ಲಿ ಚಿಗವ್ವ ಒಬ್ಬಳೇ. ಅದಕ್ಕೆ ಕಾರಣ ನಮ್ಮ ಕಾಕಾ. ಅವನಿಗೆ ಕಿವಿ ಕೇಳಿಸುವುದಿಲ್ಲ. ಟಿವಿಯಲ್ಲಿ ಏನೇ ಬಂದರೂ ಅವನಿಗೆ ಒಂದೇ, ನೋಡುತ್ತ ನಿದ್ದೆ ಹೋಗುತ್ತಾನೆ.

ಮಾರ್ಚ್ ತಿಂಗಳಿಂದ ನಾನೂ ಎಂಟೂವರೆಯದನ್ನು ಫೋನಿನಲ್ಲಿ ನೋಡುತ್ತಿದ್ದೆ. ಚಿಗವ್ವನ ಜೊತೆ ಮಾತಿಗೆ ಒಂದು ವಿಷಯವಿರಲಿ ಎಂದು ಶುರುಮಾಡಿದೆ, ದಾಖಲೆಗಾಗಿ ಮುಂದುವರಿಸಿದೆ. ಎರಡು ಸಲ ಕಣ್ಣೀರು ಹಾಕಿದೆ, ಅದೂ ದಾಖಲೆಯಲ್ಲಿದೆ. ದೊಡ್ಡ ಬಂಗಲೆ, ಅದರಲ್ಲಿ ಒಬ್ಬ ಅತ್ತೆ, ಇಬ್ಬರು ಸೊಸೆಯರು. ಒಂದು ವಾರದಲ್ಲಿ ಪರದೆಯ ಹಿಂದೆ ನಿಂತು ಮಾತು ಕದ್ದು ಕೇಳಿದ್ದು ಒಂಬತ್ತು ಸಲ. ಬಾಗಿಲು ತೆರೆದದ್ದು ನಲವತ್ತೊಂದು ಸಲ, ಮುಚ್ಚಿದ್ದು ಮೂರು ಸಲ. ಮುಸುರೆ ತಿಕ್ಕಿದ್ದು, ಕಸ ಗುಡಿಸಿದ್ದು ಸೊನ್ನೆ. ಅತ್ತೆ ಮಲಗುವಾಗಲೂ ರೇಷ್ಮೆ ಸೀರೆ. ಸಣ್ಣ ಸೊಸೆ ದಿನಾ ಹಾಲಿನ ಗ್ಲಾಸು ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮೇಲೆ ಯಾರು ಕುಡಿಯುತ್ತಾರೋ ಇನ್ನೂ ತೋರಿಸಿಲ್ಲ.

ಜುಲೈ 6, ಭಾನುವಾರ, ಊರಿಗೆ ಹೋದವಳು ಚಿಗವ್ವನ ಜೊತೆ ಹೊಲಕ್ಕೂ ಹೋದೆ. ಬದುವಿನ ಮೇಲೆ ಡೈರಿ ಹಿಡಿದು ಕೂತೆ. ಗುಂಪು ಸಾಲು ಹಿಡಿಯಿತು.

‘ಶುರು ಮಾಡಬೇ ಗಿರಿಜಕ್ಕಾ, ನಮ್ಮ ಮನ್ಯಾಗ ನಿನ್ನಿ ಬರೇ ಸುದ್ದಿ ಹಚ್ಚಿ ಕುಂತಿದ್ರು,’ ಎಂದಳು ಶಾಂತಾ. ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವಳು, ದೊಡ್ಡ ಫೋನು ಇರುವವಳು ಅವಳೊಬ್ಬಳೇ.

‘ಏನಾತಂದ್ರ,’ ಚಿಗವ್ವ ಕುರಪಿ ಆಡಿಸುತ್ತ ಸುರುಮಾಡಿದಳು, ‘ಸಣ್ಣ ಸೊಸಿ ಹಾಲಿನ ಗ್ಲಾಸ ಹಿಡ್ಕೊಂಡ ಮೆಟ್ಟಲಾ ಹತ್ತಾಕತ್ತಿದ್ಲು. ಅಷ್ಟರಾಗ ಹಿತ್ತಲದಾಗ ಎಮ್ಮಿ ಒದರಿತು ನೋಡ್ರಿ.’

‘ಅಯ್ಯ ಶಿವನ! ಮತ್ತ ಹಗ್ಗ ಹರಕೊಂತೇನು?’ ಎಂದಳು ಶಾಂತಾ.

‘ಹರಕೊಳ್ದ ಏನ ಮಾಡ್ತೈತಿ? ಇವತ್ತ ಹಿಂಡಿ ಇಡೂ ಪಾಳಿ ದೊಡ್ಡ ಸೊಸಿದು. ಅಕಿ ಮುಂಜಾನಿಂದ ಕನ್ನಡಿ ಮುಂದ ನಿಂತಾಳ. ಬಾಯಿಲ್ಲದ ಜೀವಾ, ಎಷ್ಟೊತ್ತ ತಡಕೋಬೇಕ?’

‘ಅಕಿ ಕಣ್ಣ ಹೋಗ್ಲಿ,’ ಎಂದು ನೀಲವ್ವ ದೊಡ್ಡ ಸೊಸೆಯ ಮೇಲಿನ ಸಿಟ್ಟನ್ನು ಒಂದು ಹಿಡಿ ಕಸದ ಮೇಲೆ ತೀರಿಸಿದಳು. ಎಂಟು ಕುರಪಿಗಳು ಜೋರಾದವು.

ನಾನು ಡೈರಿ ತಿರುವಿದೆ. ಮತ್ತೊಮ್ಮೆ ತಿರುವಿದೆ. ಆಮೇಲೆ, ನನ್ನನ್ನು ಯಾರೂ ಕೇಳದಿದ್ದರೂ, ಬದುವಿನಿಂದಲೇ ಹೇಳಿದೆ: ‘ಚಿಗವ್ವಾ, ಎಂಟೂವರಿದ್ರಾಗ ಎಮ್ಮಿ ಇಲ್ಲ.’

ಕುರಪಿಗಳು ನಿಂತವು.

‘ಇಲ್ಲಂದ್ರ?’ ಎಂದಳು ನೀಲವ್ವ.

‘ನಾ ಮಾರ್ಚ್‌ದಿಂದ ಬರದ ಇಟ್ಟೀನ್ರಿ. ನೂರಾ ಎಂಟ ಕಂತು. ನಾಯಿ ಎರಡ ಸಲ ಬಂದೈತಿ. ಎಮ್ಮಿ ಒಮ್ಮಿನೂ ಬಂದಿಲ್ಲ. ಅದು ಬೆಂಗಳೂರಾಗಿನ ಬಂಗ್ಲೆರಿ, ಅದಕ್ಕ ಹಿತ್ತಲಾನೂ ಇಲ್ಲ.’

ಚಿಗವ್ವ ತಿರುಗಿ ನೋಡಿದಳು. ‘ಮತ್ತ ದಿನಾ ಅಷ್ಟ ಹಾಲ ಎಲ್ಲಿಂದ ಬರ್ತೈತಬೇ?’

‘ಪಾಕೀಟಿನ ಹಾಲ ಇರಬೇಕ.’

‘ಪಾಕೀಟ ತೋರ್ಸ್ಯಾರೇನು?’

‘ತೋರ್ಸಿಲ್ಲ.’

‘ಹಂಗಾರ?’

ನ್ಯಾಯವಾಗಿ ನಾನು ಅಲ್ಲಿಗೆ ಸುಮ್ಮನಾಗಬೇಕಿತ್ತು. ಸುಮ್ಮನಾಗಲಿಲ್ಲ. ಫೋನು ತೆಗೆದು ಹಿಂದಿನ ದಿನದ ಕಂತು ಹಚ್ಚಿದೆ. ಒಂಬತ್ತು ತಲೆಗಳು ಸುತ್ತ ಸೇರಿದವು. ಮೆಟ್ಟಿಲು ಬಂತು, ಗ್ಲಾಸು ಬಂತು, ಗ್ಲಾಸಿನದೇ ಮುಖ ಮೂರು ಕಡೆಯಿಂದ ಬಂತು. ಎಮ್ಮೆ ಬರಲಿಲ್ಲ.

‘ಏ ಗಿರಿಜಕ್ಕಾ,’ ಶಾಂತಾ ನಗುತ್ತ ಹೇಳಿದಳು, ‘ಇಷ್ಟ ದಿನಾ ನಮ್ಮ ಕಡಿಂದ ಇಲ್ಲದ ಎಮ್ಮಿಗೆ ಹಿಂಡಿ ಹಾಕ್ಸಿದೆಲ್ಲಬೇ!’

ಎಲ್ಲರೂ ನಕ್ಕರು. ಚಿಗವ್ವನೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಎಷ್ಟು ತಡವಾಗಿ ಎಂಬುದು ಡೈರಿಯಲ್ಲಿಲ್ಲ. ಅಂದು ನಾನು ಬರೆದದ್ದು ಇಷ್ಟು: ‘ತಪ್ಪು ಮಾಹಿತಿ ಸರಿಪಡಿಸಲಾಯಿತು. ಬುತ್ತಿಯ ಹೊತ್ತಿಗೆ ಆರು ಸುತ್ತು.’

ಸರಿಪಡಿಸಿದ್ದು ಸಾಲದೆಂದು ಶಾಂತಾಳ ಫೋನಿಗೆ ದಿನಾ ಮುಂಜಾನೆ ಧ್ವನಿ ಸಂದೇಶ ಕಳಿಸುವ ವ್ಯವಸ್ಥೆಯನ್ನೂ ಮಾಡಿದೆ. ‘ಎಂಟು ಮೂವತ್ತನಾಲ್ಕಕ್ಕೆ ಅತ್ತೆ ಅಳುತ್ತಾಳೆ. ಎಂಟು ನಲವತ್ತೊಂದಕ್ಕೆ ಮತ್ತೆ ಅಳುತ್ತಾಳೆ. ನಡುವೆ ಜಾಹೀರಾತು, ಹದಿಮೂರು.’ ಹೀಗೆ. ಅಗದಿ ಖಚಿತ ಮಾಹಿತಿ. ಆ ತಿಂಗಳು ಅಂಗಡಿಯಲ್ಲಿ ರಿಯಾಯಿತಿ ಮಾರಾಟವಿತ್ತು, ಭಾನುವಾರವೂ ರಜೆ ಇರಲಿಲ್ಲ, ಊರಿಗೆ ಹೋಗಲಾಗಲಿಲ್ಲ. ಸಂದೇಶ ಮಾತ್ರ ಒಂದೂ ತಪ್ಪಿಸಲಿಲ್ಲ. ಇಪ್ಪತ್ತೊಂದು ಕಳಿಸಿದೆ. ಇಷ್ಟು ದಿನದಲ್ಲಿ ಚಿಗವ್ವನ ಫೋನು ಒಮ್ಮೆಯೂ ಬಂದಿಲ್ಲ ಎಂಬುದು ಇಪ್ಪತ್ತೊಂದನೆಯ ಸಂದೇಶದ ದಿನ, ಜುಲೈ 31ರಂದು, ಗೊತ್ತಾಯಿತು. ಅಂದು ಫೋನು ಮಾಡಿದವನು ಕಾಕಾ.

‘ಹಲೋ! ಸವಿತಾ ಏನು? ನಾ ಕಾಕಾ! ನೀ ಏನೂ ಮಾತಾಡಬ್ಯಾಡ, ನನಗ ಕೇಳ್ಸಂಗಿಲ್ಲ. ನಿಮ್ಮ ಚಿಗವ್ವ ಎಂಟ ದಿನಾ ಆತು, ಕೆಲಸಕ್ಕ ಹೋಗಿಲ್ಲ. ಮನ್ಯಾಗ ಕುಂತಾಳ. ಮುಂಜಾನಿಂದ ಸಂಜಿತನಾ ನನ್ನ ಮುಂದ ಕಥಿ ಹೇಳ್ತಾಳ. ಬಾಯಿ ಆಡೂದ ಕಾಣ್ತೈತಿ, ನಾ ಗೋಣ ಹಾಕ್ತೀನಿ. ಎಷ್ಟ ಅಂತ ಗೋಣ ಹಾಕ್ಲಿ? ಗೋಣ ನೋಯ್ತೈತಿ! ಬಾ ಒಮ್ಮಿ!’

ನಾನು ‘ಬರ್ತೀನಿ ಕಾಕಾ’ ಎನ್ನುವುದರೊಳಗೆ ಫೋನು ಇಟ್ಟಿದ್ದ. ಅವನ ಮಟ್ಟಿಗೆ ಮಾತು ಮುಗಿದಿತ್ತು.

ಆಗಸ್ಟ್ 3ರಂದು ರಜೆ ಬೇಡಿ ಊರಿಗೆ ಹೋದೆ. ಬಸ್ಸಿನಲ್ಲಿ ಎಷ್ಟು ಹಾಡು ಬಂದವೆಂದು ನೆನಪಿಲ್ಲ. ಮೊದಲು ನೀಲವ್ವನ ಮನೆಗೆ ಹೋದೆ. ಅವಳು ಬುತ್ತಿ ಕಟ್ಟುತ್ತಿದ್ದಳು.

‘ಅಕಿ ಮಾತ ಬಿಟ್ಲವಾ,’ ಎಂದಳು ನೀಲವ್ವ. ‘ತಾನ ಹೋಗಿ ಬದುವಿನ ಕಡೀ ಸಾಲ ಹಿಡದ್ಲು. ಮೊದಮೊದಲ ನಿನ್ನ ಫೋನಿನ ಕಥಿ ಕೇಳಕೋತ ನಾವು ಮುಂದ ಹೋಗಿಬಿಡ್ತಿದ್ವಿ. ತಿರುಗಿ ನೋಡಿದ್ರ ಅಕಿ ಅಷ್ಟ ಹಿಂದ ಉಳದಿರ್ತಿದ್ಲು. ಕಥಿ ಹೇಳೂ ಕಾಲಕ್ಕ ಕೈ ತಾನ ಹೋಗ್ತಿತ್ತು. ಈಗ ಹೇಳದ ಸಾಲಿಗೆ ಯಾರ ಕೈ ಹಾಕ್ತಾರ? ಒಂದಿನಾ ಅಕಿನ ಅಂದ್ಲು, ನಿಮಗ ಭಾರ ಆಗೂದ ಬ್ಯಾಡ, ನಾ ಮನ್ಯಾಗ ಇರ್ತೀನಿ ಅಂತ.’

ಕೈಯಲ್ಲಿ ಡೈರಿ ಇತ್ತು. ಅಭ್ಯಾಸಬಲದಿಂದ ಕೇಳಿದೆ: ‘ಈಗ ಬುತ್ತಿ ಹೊತ್ತಿಗೆ ಎಷ್ಟ ಸುತ್ತ ಆಗ್ತಾವ್ರಿ?’

‘ನಾಕ. ಈಗೀಗ ಫೋನ ಹಚ್ಚಿದ್ರ ಎಲ್ಲಾರೂ ಕೈ ಬಿಟ್ಟ ಅದರ ಬಾಜೂ ಕುಂಡರ್ತಾರ. ನಿನ್ನ ಕಥಿ ಕೇಳಿದ್ರ ಆಕಳಿಕಿ ಬರ್ತಾವು, ಸಿಟ್ಟಾಗಬ್ಯಾಡ ಮತ್ತ.’

ಆರು, ನಾಲ್ಕು. ಎರಡನ್ನೂ ಅಕ್ಕಪಕ್ಕ ಬರೆದೆ. ಮೊದಲ ಸಲ ನನ್ನ ಲೆಕ್ಕ ನನ್ನ ವಿರುದ್ಧವೇ ಸಾಕ್ಷಿ ಹೇಳಿತು.

‘ಅಕಿನ್ನ ನಾ ಕರಕೊಂಡ ಬರ್ತೀನ್ರಿ,’ ಎಂದೆ. ‘ಅಕಿ ಸಾಲೂ ನಾನ ಹಿಡೀತೀನಿ.’

ನೀಲವ್ವ ನನ್ನ ಅಂಗೈ ನೋಡಿ ನಕ್ಕಳು. ಬೇಡ ಎನ್ನಲಿಲ್ಲ.

ಚಿಗವ್ವನನ್ನು ಎಬ್ಬಿಸುವುದು ಸುಲಭವಿರಲಿಲ್ಲ. ‘ನಾ ಒಲ್ಲೆ. ಸುಳ್ಳ ಹೇಳಾಕಿ ಅಂತ ಊರ ಮುಂದ ಮಾಡೀದಿ. ನಿನ್ನ ಪುಸ್ತಕದಾಗ ಎಮ್ಮಿ ಇಲ್ಲಲ್ಲ, ಹೋಗ ನೀನ ಹೇಳ ಹೋಗು,’ ಎಂದು ಗೋಡೆಯ ಕಡೆ ತಿರುಗಿ ಕೂತಳು. ಕಾಕಾ ಬಾಗಿಲಲ್ಲಿ ನಿಂತು, ಏನೂ ಕೇಳಿಸದೆಯೂ ಎಲ್ಲ ತಿಳಿದವನಂತೆ ಅವಳ ಕುರಪಿಯನ್ನೂ ಬುತ್ತಿಯನ್ನೂ ತಂದು ಮುಂದಿಟ್ಟ. ‘ಹೋಗಬೇ ಮಾರಾಯ್ತಿ,’ ಎಂದ. ‘ನನ್ನ ಗೋಣ ಉಳಸು.’

ಅದಕ್ಕೆ ಅವಳಿಗೆ ನಗು ಬಂತು. ನಗು ಬಂದ ಮೇಲೆ ಕೂತಿರಲು ಆಗಲಿಲ್ಲ.

ಹೊಲದಲ್ಲಿ ನೀಲವ್ವ ನಡುವಿನ ಸಾಲನ್ನು ಖಾಲಿ ಬಿಡಿಸಿದ್ದಳು. ಚಿಗವ್ವ ಅದರಲ್ಲಿ ಕೂತಳು. ಅವಳ ಎಡಕ್ಕೆ ನಾನು, ಬಲಕ್ಕೆ ನೀಲವ್ವ. ಕುರಪಿಗಳ ಸದ್ದು ಮಾತ್ರ. ಹತ್ತು ಮಾರು ಹೋಗುವುದರೊಳಗೆ ಚಿಗವ್ವ ಹಿಂದೆ ಬಿದ್ದಳು. ಅವಳ ಸಾಲು ಹಿಡಿಯುತ್ತೇನೆಂದು ಹೇಳಿದ್ದ ನಾನು ಅವಳಿಗಿಂತ ಹಿಂದಿದ್ದೆ.

‘ಫೋನ ಹಚ್ಚಲೇನ್ರಿ?’ ಎಂದಳು ಶಾಂತಾ.

‘ಬ್ಯಾಡ,’ ಎಂದೆ. ‘ನಾನ ಹೇಳ್ತೀನಿ.’ ಸುರುಮಾಡಿದೆ: ‘ನಿನ್ನಿ ಎಂಟು ಮೂವತ್ತೆರಡಕ್ಕ ದೊಡ್ಡ ಸೊಸಿ ಬಾಗಲಾ ತಗದ್ಲು. ಎಂಟು ಮೂವತ್ತೈದಕ್ಕ ಅತ್ತಿ ಒಂದ ಕಾಗದಾ ಓದಿದ್ಲು. ಎಂಟು ನಲವತ್ತೇಳಕ್ಕ ಸಣ್ಣ ಸೊಸಿ ಹಾಲಿನ ಗ್ಲಾಸ ಹಿಡ್ಕೊಂಡು...’

ಚಿಗವ್ವನ ಬಾಯಿ ತೆರೆಸಲು ಉಪಾಯ ಮಾಡಿ ಹಾಲಿನ ಮಾತು ತೆಗೆದೆ ಎಂದು ಬರೆಯುವ ಆಸೆ ಇದೆ. ಆದರೆ ಡೈರಿಯಲ್ಲಿ ಸುಳ್ಳು ಬರೆದು ಅಭ್ಯಾಸವಿಲ್ಲ. ಎಂಟು ನಲವತ್ತೇಳಕ್ಕೆ ಹಾಲು ಇತ್ತು, ಹೇಳಿದೆ, ಅಷ್ಟೇ.

‘ಯಾವ ಹಾಲ?’ ನಡುವಿನ ಸಾಲಿನಿಂದ ದನಿ ಬಂತು.

ಎಲ್ಲರೂ ತಿರುಗಿದರು.

‘ಯಾವ ಹಾಲಬೇ?’ ಚಿಗವ್ವ ಕುರಪಿ ಎತ್ತಿ ಹಿಡಿದಿದ್ದಳು. ‘ಹತ್ತ ದಿನಾ ಆತು, ಎಮ್ಮಿ ಬತ್ತೇತಿ. ಗಬ್ಬ ಐತಿ ಅದು. ಅತ್ತಿ ತಾ ಸ್ವಂತ ಕೈಲೆ ಹಸಿ ಹುಲ್ಲ ಹಾಕಾಕತ್ತಾಳ, ರೇಷ್ಮಿ ಸೀರಿ ಮ್ಯಾಲ ಕಟ್ಟಿ. ಹಾಲ ಎಲ್ಲಿಂದ ಬರ್ಬೇಕ? ಆ ಗ್ಲಾಸಿನ್ಯಾಗ ಇದ್ದಿದ್ದ ಹಾಲಲ್ಲ, ಅಕ್ಕಿ ತೊಳದ ನೀರ. ಮ್ಯಾಲ ಮಲಗಿದ ಮಾವಗ ಗೊತ್ತಾಗಬಾರ್ದಂತ ಹಿಡ್ಕೊಂಡ ಹತ್ತತಾಳ ಪಾಪ!’

‘ಅಯ್ಯ ನನ್ನವ್ವ,’ ಎಂದಳು ಶಾಂತಾ, ‘ಕುಡುದ್ನೇನ ಮಾವ?’

‘ತಡಿ, ಹೇಳ್ತೀನಿ.’

ನಾನು ನೋಡುತ್ತಿದ್ದೆ. ನೀಲವ್ವ ಹಿಂದಕ್ಕೆ ತಿರುಗಲಿಲ್ಲ. ಅವಳ ಎಡಗೈ ಮಾತ್ರ ಪಕ್ಕದ ಸಾಲಿಗೆ ಹೋಗಿ ಚಿಗವ್ವನ ಕಸದ ಒಂದು ಹಿಡಿ ಕಿತ್ತು ಬಂತು. ಮತ್ತೆ ಹೋಯಿತು. ಎಡಬದಿಯ ಪಾಳಿ ನನ್ನದೆಂದು ಆಗ ನೆನಪಾಗಿ ನಾನೂ ಮುಂದೆ ಸರಿದು ಕೈ ಚಾಚಿದೆ.

ಅಂದು ಬುತ್ತಿಯ ಹೊತ್ತಿಗೆ ಐದೂವರೆ ಸುತ್ತು. ಕಡಿಮೆಯಾದ ಅರ್ಧ ನನ್ನದು. ಅಂಗೈಯಲ್ಲಿ ಬೊಕ್ಕೆ ನಾಲ್ಕು. ಊಟ ಮಾಡುವಾಗ ಚಿಗವ್ವ ಡೈರಿ ಕೇಳಿದಳು. ‘ಇವತ್ತಿನ ಹಾಳ್ಯಾಗ ಬರಿ, ಎಮ್ಮಿ ಐತಿ ಅಂತ.’ ಬರೆದೆ. ಅವಳಿಗೆ ಸಹಿ ಮಾಡಲು ಬರುತ್ತದೆ, ಏಳನೆಯ ಇಯತ್ತೆಯವರೆಗೆ ಓದಿದ್ದಾಳೆ. ಆದರೂ ಹೆಬ್ಬೆರಳನ್ನು ಹಸಿ ಮಣ್ಣಿಗೆ ಒತ್ತಿ ಪುಟಕ್ಕೆ ಒತ್ತಿದಳು. ‘ಸಹಿ ಯಾರರ ಮಾಡ್ತಾರ,’ ಎಂದಳು. ‘ಇದನ್ನ ನೀ ಅಳಸಾಕ ಬರಂಗಿಲ್ಲ.’

ಅಂದಿನಿಂದ ನನ್ನ ಡೈರಿಯಲ್ಲಿ ಎಂಟೂವರೆಯದಕ್ಕೆ ಎರಡು ಕಾಲಮ್ಮುಗಳಿವೆ. ಎಡಕ್ಕೆ ‘ಟಿವಿಯಲ್ಲಿ’, ಬಲಕ್ಕೆ ‘ಹೊಲದಲ್ಲಿ’. ಆಗಸ್ಟ್ ಮೂವತ್ತಕ್ಕೆ ಎಡಗಡೆಯದು ಮುಗಿದುಹೋಯಿತು. ಧಾರಾವಾಹಿಯನ್ನು ಒಮ್ಮೆಲೇ ನಿಲ್ಲಿಸಿದರು. ಕೊನೆಯ ಕಂತಿನಲ್ಲಿ ಎಲ್ಲರೂ ಎಲ್ಲರನ್ನೂ ಕ್ಷಮಿಸಿ, ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಆ ಹಾಲು ಯಾರು ಕುಡಿಯುತ್ತಿದ್ದರು ಎಂಬುದನ್ನು ಕೊನೆಗೂ ತೋರಿಸಲಿಲ್ಲ. ಈಗ ಆ ಹೊತ್ತಿಗೆ ಹಾಡಿನ ಸ್ಪರ್ಧೆ ಬರುತ್ತದೆ.

ಹೊಲದಲ್ಲಿ ಮಾತ್ರ ಎಂಟೂವರೆಯದು ನಡೆದೇ ಇದೆ. ಟಿವಿಯಲ್ಲಿ ಮುಗಿದಿದೆ ಎಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಆ ಮಾತನ್ನು ಯಾರೂ ಎತ್ತುವುದಿಲ್ಲ. ನೀಲವ್ವ ಈಗಲೂ ಮುಂಜಾನೆ ‘ನಿನ್ನಿ ಏನಾತಬೇ ಗಿರಿಜಾ?’ ಎಂದೇ ಕೇಳುತ್ತಾಳಂತೆ. ಉಳ್ಳಾಗಡ್ಡಿ ಮುಗಿದು ಮೆಣಸಿನಗಿಡದ ಕಸಕ್ಕೆ ಬಂದಿದ್ದಾರೆ. ಎಮ್ಮೆಗೆ ದಿನ ತುಂಬಿದೆ.

ನಿನ್ನೆ ಸಂಜೆ ಚಿಗವ್ವ ಫೋನು ಮಾಡಿದಳು. ‘ಸವಿತಾ, ಅದು ಈಯೂದ ಹತ್ರ ಬಂತು. ದೊಡ್ಡ ಸೊಸಿ ಪಾಳಿ ದಿನಾ ಈಸ್ಲೋ, ಸಣ್ಣಕಿ ಪಾಳಿ ದಿನಾ ಈಸ್ಲೋ ತಿಳೀವಲ್ದು. ಹೆಣ್ಣ ಕರಾನೋ ಗಂಡ ಕರಾನೋ ಅದೂ ತಿಳೀವಲ್ದು. ನೀ ಬರಿಯಾಕಿ ಅದೀಯಲ್ಲ, ನಾಕ ಮಂದಿನ್ನ ಕೇಳು.’

ಆದ್ದರಿಂದ ಕೇಳುತ್ತಿದ್ದೇನೆ. ಮಿಶ್ರಿಕೋಟಿ, ಬಮ್ಮಿಗಟ್ಟಿ ಕಡೆ ಭತ್ತದ ಗದ್ದೆಯಲ್ಲಿ ಕೆಲಸ ಮಾಡುವವರಿರಲಿ, ನವಲಗುಂದದ ಕಡೆ ಹತ್ತಿ ಬಿಡಿಸುವವರಿರಲಿ, ನಿಮ್ಮ ಸಾಲಿನಲ್ಲೂ ಎಂಟೂವರೆಯದು ಇನ್ನೂ ನಡೆದಿದ್ದರೆ, ಅಲ್ಲಿ ಎಮ್ಮೆ ಈದಿದ್ದರೆ, ದಯವಿಟ್ಟು ಪತ್ರಿಕೆಯ ಈ ಪುಟಕ್ಕೆ ಬರೆದು ತಿಳಿಸಿ. ಹೇಳುವವರ ಹೆಸರು ಬರೆಯಿರಿ. ಅವರ ಎಡಬಲದ ಸಾಲು ಹಿಡಿಯುವವರ ಹೆಸರನ್ನೂ ಬರೆಯಿರಿ, ನನ್ನ ಡೈರಿಯಲ್ಲಿ ಅದಕ್ಕೊಂದು ಕಾಲಮ್ಮು ಹಾಕಿಟ್ಟಿದ್ದೇನೆ. ಟಿವಿಯಲ್ಲಿ ಏನಾಯಿತೆಂದು ಮಾತ್ರ ಬರೆಯಬೇಡಿ. ಅದು ನನಗೆ ಗೊತ್ತು.